ತಳೆಯಿಂದ ಗ್ರಿಗ್ರಿವರೆಗೆ: ಹತ್ತುವವರ ಹಗ್ಗದ ಕಥೆ

(ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲಿ ಕೂತವರು, ಅಡುಗೆ ಮನೆಯಲ್ಲಿ ನಿಂತವರು, ಆಫೀಸಲ್ಲಿ ಎಕ್ಸೆಲ್ ಶೀಟ್ ತೆರೆದಿಟ್ಟು ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು, ಎಲ್ಲರಿಗೂ ನಮಸ್ಕಾರ.

ಕಾಪುವಿನ ನಮ್ಮ ಅಜ್ಜನ ಮನೆಯ ಹಟ್ಟಿಯಲ್ಲಿ ಒಂದು ಮೊಳೆ ಉಂಟು. ಆ ಮೊಳೆಯಲ್ಲಿ ಹಗ್ಗದ ಒಂದು ಬಳೆ ನೇತಾಡ್ತಾ ಉಂಟು. ತೆಂಗಿನ ನಾರಿನದ್ದು, ಹಳೆ ಬಟ್ಟೆ ಸುತ್ತಿದ್ದು, ಬೆವರಿಗೆ ಕಪ್ಪಾಗಿದ್ದು. ಚಿಕ್ಕಂದಿನಲ್ಲಿ ನಾನು ಅದನ್ನು ಸ್ಟಿಯರಿಂಗ್ ಮಾಡಿಕೊಂಡು ಬಸ್ ಓಡಿಸ್ತಿದ್ದೆ. ಅದಕ್ಕೆ ತಳೆ ಅಂತ ಹೆಸರು, ಮರ ಹತ್ತುವಾಗ ಎರಡೂ ಪಾದಕ್ಕೆ ಸಿಕ್ಕಿಸಿಕೊಳ್ಳುವುದು. ಅಜ್ಜ ಮೂರ್ತೆಯ ಕೆಲಸದವರು. ಮೂರ್ತೆ ಅಂದರೆ ತೆಂಗಿನ ಮರದಿಂದ ಕಳ್ಳು ಇಳಿಸುವುದು. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದಾರೆ.

ಈಚೆಗೆ ನಾನು ಗೆಳೆಯರ ಜೊತೆ ಬಂಡೆ ಹತ್ತುವ ಒಂದು ದಿನದ ಕ್ಯಾಂಪಿಗೆ ಹೋಗಿದ್ದೆ. ಸೊಂಟಕ್ಕೆ ಹಾರ್ನೆಸ್, ತಲೆಗೆ ಹೆಲ್ಮೆಟ್, ಕೆಳಗೆ ಹಗ್ಗ ಹಿಡಿದವರ ಕೈಯಲ್ಲಿ ಗ್ರಿಗ್ರಿ ಅನ್ನುವ ಒಂದು ಸಣ್ಣ ಸಾಧನ. ನಾನು ಎರಡು ಸಲ ಜಾರಿ ಬಿದ್ದೆ. ಬಿದ್ದೆ ಅಂದರೆ ಒಂದಡಿ ಕೆಳಗೆ ಬಂದು ನೇತಾಡಿದೆ, ಅಷ್ಟೆ. ಮನೆಗೆ ಬಂದು ಅಜ್ಜನಿಗೆ ವಿಡಿಯೋ ತೋರಿಸಿದೆ. ಅವರು ಫೋನನ್ನು ಕಣ್ಣ ಹತ್ತಿರ ಹಿಡಿದು ಪೂರ್ತಿ ನೋಡಿದ್ರು. ಆಮೇಲೆ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದ್ರು. ಕನ್ನಡದಲ್ಲಿ ಹೇಳಿದರೆ ಹೀಗೆ: "ಅದರಲ್ಲಿ ದಿನಕ್ಕೆ ಎಷ್ಟು ಮರ ಹತ್ತಲಿಕ್ಕೆ ಆಗ್ತದೆ ಮಗಾ?"

ನಾನು ಬಿಕಾಂ ಓದಿದವನು. ಈ ಪ್ರಶ್ನೆ ನನ್ನ ಸಬ್ಜೆಕ್ಟಿಗೆ ಸೇರಿದ್ದು. ಹಾಗಾಗಿ ಇವತ್ತಿನ ಸಂಚಿಕೆ ಪೂರ್ತಿ ಅದರ ಮೇಲೆಯೇ.

ಮೊದಲು ತಳೆ ಹೇಗೆ ಕೆಲಸ ಮಾಡ್ತದೆ ಅಂತ ನೋಡುವ. ಮರದ ಎರಡೂ ಬದಿಗೆ ಒಂದೊಂದು ಪಾದ. ಪಾದಗಳ ಮಧ್ಯೆ ಈ ಬಳೆ. ಮೈಭಾರ ಕೆಳಗೆ ಬಂದ ಹಾಗೆ ಪಾದಗಳು ಹೊರಗೆ ಜಾರಲಿಕ್ಕೆ ನೋಡ್ತವೆ, ಬಳೆ ಬಿಡುವುದಿಲ್ಲ. ಆಗ ಅಂಗಾಲು ಮರವನ್ನು ಇಕ್ಕಳದ ಹಾಗೆ ಒತ್ತಿ ಹಿಡಿಯುತ್ತದೆ. ಭಾರ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಕೈಯಿಂದ ಮರ ತಬ್ಬಿಕೊಂಡು ಕಾಲಿನ ಭಾರ ತೆಗೆದರೆ ಬಳೆ ಸಡಿಲ, ಕಾಲನ್ನು ಮೇಲೆ ಎಳೆದುಕೊಳ್ಳಬಹುದು. ಮತ್ತೆ ಭಾರ, ಮತ್ತೆ ಬಿಗಿ. ಕಪ್ಪೆ ಕುಪ್ಪಳಿಸಿದ ಹಾಗೆ ಮೇಲೆ. ಭಾರ ಬಿದ್ದಾಗ ಹಿಡಿ, ಭಾರ ಹೋದಾಗ ಬಿಡು. ಈ ಮಾತು ನೆನಪಿಟ್ಟುಕೊಳ್ಳಿ, ಯುರೋಪಿಗೆ ಹೋದಾಗ ಮತ್ತೆ ಬರ್ತದೆ.

ಅಡಿಕೆ ತೋಟದಲ್ಲೂ ತಳೆ ಉಂಟು. ಕಾರ್ಕಳದ ಕಡೆಯವರಿಗೆ ಇದು ಹೊಸ ವಿಷಯ ಅಲ್ಲ. ಅಡಿಕೆ ಮರ ಸಪೂರ, ಬಾಗುತ್ತದೆ. ನುರಿತವರು ಒಂದು ಮರದ ತುದಿಯಲ್ಲಿ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟ್ತಾರೆ. ಇಳಿದು ಹತ್ತುವ ಸಮಯ ಉಳಿಯಿತು ಅಂತ ಲೆಕ್ಕ. ಕೆಳಗೆ ನಿಂತು ನೋಡುವವರ ಜೀವ ಬಾಯಿಗೆ ಬರ್ತದೆ.

ಇದರಲ್ಲಿ ಇನ್ನೊಂದು ಇತಿಹಾಸ ಸಿಕ್ಕಿಕೊಂಡಿದೆ. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರ್ತದೆ. ಹಿಂದೆ ಮಲೆನಾಡಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ನೀರು ತಾಗದ ಹಾಗೆ ಮಾಡ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಈ ರೋಗದ ಬಗ್ಗೆ ಅಧ್ಯಯನ ಮಾಡಿ 1910ರಲ್ಲಿ ವರದಿ ಕೊಟ್ಟರು. ಅಲ್ಲಿಂದ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ಬಂತು. ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರು, ನೀವು ನೋಡಿರ್ತೀರಿ. ಬೆಳೆ ಉಳಿಯಿತು, ನಿಜ. ಆದರೆ ಸಿಂಪಡಿಸಬೇಕಾದ್ದು ಮಳೆಗಾಲದಲ್ಲಿ. ಮರಕ್ಕೆ ಪಾಚಿ ಹಿಡಿದು ಸಾಬೂನಿನ ಹಾಗೆ ಜಾರುವ ಕಾಲದಲ್ಲಿಯೇ ಮನುಷ್ಯ ಮರದ ಮೇಲಿರಬೇಕು. ಒಂದು ಒಳ್ಳೆಯ ಔಷಧ ಬಂದರೆ ಅದರ ಅಪಾಯ ಯಾರ ಹೆಗಲಿಗೆ ಹೋಯಿತು ಅಂತ ಲೆಕ್ಕ ಇಡುವ ಅಭ್ಯಾಸ ನಮಗಿಲ್ಲ. ಇದು ನನ್ನ ಅಭಿಪ್ರಾಯ.

ಈಗ ಸ್ವಲ್ಪ ಲೆಕ್ಕ. ಓಡಬೇಡಿ, ಸುಲಭ ಉಂಟು.

ಮಲ್ಪೆ ಬಂದರಿಗೆ ಹೋದವರು ನೋಡಿರ್ತೀರಿ. ಇಷ್ಟು ದೊಡ್ಡ ಬೋಟನ್ನು ಒಬ್ಬ ಹುಡುಗ ಗೂಟಕ್ಕೆ ಎರಡು ಸುತ್ತು ಹಗ್ಗ ಸುತ್ತಿ ನಿಲ್ಲಿಸಿಬಿಡ್ತಾನೆ. ಮನೆ ಪಕ್ಕದ ಮರ ಕಡಿಯುವವರೂ ಅಷ್ಟೇ. ದೊಡ್ಡ ಗೆಲ್ಲನ್ನು ಹಂಚಿನ ಮೇಲೆ ಬೀಳದ ಹಾಗೆ ಇಳಿಸಬೇಕಾದರೆ ಹಗ್ಗವನ್ನು ಪಕ್ಕದ ಮರಕ್ಕೆ ಸುತ್ತಿ ಒಬ್ಬರೇ ನಿಧಾನಕ್ಕೆ ಬಿಡ್ತಾರೆ. ಇದು ಹೇಗೆ ಸಾಧ್ಯ? ಹಗ್ಗ ಗೂಟಕ್ಕೆ ಉಜ್ಜಿದಲ್ಲೆಲ್ಲ ಸ್ವಲ್ಪ ಭಾರವನ್ನು ಗೂಟವೇ ತೆಗೆದುಕೊಳ್ತದೆ. ಉಳಿದ ಭಾರದಲ್ಲಿ ಮುಂದಿನ ಇಂಚು ಮತ್ತೆ ಅಷ್ಟೇ ಪಾಲು ತೆಗೆದುಕೊಳ್ತದೆ. ಆಮೇಲೆ ಮತ್ತೆ. ಅಂದರೆ ಸುತ್ತು ಹೆಚ್ಚಾದ ಹಾಗೆ ಹಿಡಿತ ಕೂಡಿಕೊಂಡು ಹೋಗುವುದಲ್ಲ, ಗುಣಿಸಿಕೊಂಡು ಹೋಗುವುದು. ನಾವು ಕಾಮರ್ಸಿನವರು ಇದಕ್ಕೆ ಚಕ್ರಬಡ್ಡಿ ಅಂತೇವೆ. ಈ ಶಬ್ದ ಹಗ್ಗಕ್ಕೇ ಹುಟ್ಟಿದ ಹಾಗಿದೆ ನೋಡಿ, ಚಕ್ರಕ್ಕೆ ಸುತ್ತಿದಷ್ಟೂ ಬಡ್ಡಿ.

ಘರ್ಷಣೆಯ ಪ್ರಮಾಣ 0.3 ಅಂತ ಇಟ್ಟುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ ನಿಮ್ಮ ಕೈಯ 1 ಕೆಜಿ ಹಿಡಿತ ಆ ಕಡೆ ಸುಮಾರು 6.6 ಕೆಜಿಯನ್ನು ತಡೆಯುತ್ತದೆ. ಎರಡು ಸುತ್ತಿಗೆ 43 ಕೆಜಿ. ಮೂರು ಸುತ್ತಿಗೆ 285 ಕೆಜಿ. 18ನೇ ಶತಮಾನದಲ್ಲಿ ಆಯ್ಲರ್ ಅನ್ನುವ ಗಣಿತಜ್ಞ ಇದನ್ನು ಸೂತ್ರದಲ್ಲಿ ಬರೆದ. ಮಲ್ಪೆಯ ಹುಡುಗನಿಗೆ ಸೂತ್ರ ಬೇಡ, ಅವನ ಕೈಗೆ ಗೊತ್ತಿದೆ.

ಇಲ್ಲಿ ಕಾರ್ಕಳದ ಗೊಮ್ಮಟ ನೆನಪಾಗ್ತಾನೆ. 1432ರ ಫೆಬ್ರವರಿಯಲ್ಲಿ ವೀರಪಾಂಡ್ಯ ಪ್ರತಿಷ್ಠೆ ಮಾಡಿಸಿದ 42 ಅಡಿಯ ಏಕಶಿಲಾ ಮೂರ್ತಿ. ಬೇರೆ ಕಡೆ ಕೆತ್ತಿ ಆ ಬೋಳು ಬಂಡೆಯ ಗುಡ್ಡದ ಮೇಲೆ ಏರಿಸಿದರು ಅಂತ ಪ್ರತೀತಿ. 19ನೇ ಶತಮಾನದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ ಆ ಪ್ರತೀತಿಯನ್ನು ಬರೆದಿಟ್ಟಿದ್ದಾನೆ. ಇಪ್ಪತ್ತು ಕಬ್ಬಿಣದ ಗಾಡಿಗಳ ಮೇಲೆ ಮಲಗಿಸಿ, ಇಳಿಜಾರು ಕಟ್ಟಿ, ಜನ ಎಳೆದರಂತೆ. ಕಥೆಯಲ್ಲಿ ಎಳೆದವರ ಬಗ್ಗೆ ಮಾತ್ರ ಬರ್ತದೆ. ನನ್ನ ತಲೆಯಲ್ಲಿ ಉಳಿಯುವುದು ಬೇರೆ: ರಾತ್ರಿ ಎಳೆಯುವುದನ್ನು ನಿಲ್ಲಿಸಿದಾಗ ಅದನ್ನು ಜಾರದ ಹಾಗೆ ಹಿಡಿದದ್ದು ಯಾವುದು? ಮೇಲೆ ಏರಿಸುವುದಕ್ಕೆ ಬಲ ಬೇಕು. ನಿಲ್ಲಿಸುವುದಕ್ಕೆ, ಇಳಿಸುವುದಕ್ಕೆ ಉಪಾಯ ಬೇಕು.

ಇಳಿಯುವ ಉಪಾಯಕ್ಕೇ ಬರುವ. ಫ್ರಾನ್ಸಿನ ಶಾಮನಿ ಊರಿನಲ್ಲಿ ಜಾನ್ ಶಾರ್ಲೆ ಸ್ಟ್ರಾಟನ್ ಅನ್ನುವ ಗೈಡ್ ಇದ್ದ. 1876ರಲ್ಲಿ ಪೆಟಿ ದ್ರು ಅನ್ನುವ ಚೂಪು ಶಿಖರಕ್ಕೆ ಒಬ್ಬನೇ ಹೋಗಿ ಸೋತು ವಾಪಸ್ ಬರುವಾಗ, ಹಗ್ಗವನ್ನು ಇಮ್ಮಡಿ ಮಾಡಿ ಬಂಡೆಗೆ ಹಾಕಿ ಇಳಿದು, ಆಮೇಲೆ ಒಂದು ತುದಿ ಎಳೆದು ಹಗ್ಗವನ್ನೇ ವಾಪಸ್ ತೆಗೆದುಕೊಂಡ. 1879ರಲ್ಲಿ ಶಿಖರವನ್ನೂ ಮುಟ್ಟಿದ. ಇದರಿಂದ ಬೆಳೆದದ್ದು ರ‍್ಯಾಪೆಲಿಂಗ್. ಆಗ ಸಾಧನ ಅಂತ ಏನೂ ಇಲ್ಲ, ಮೈಯೇ ಸಾಧನ. ಜರ್ಮನಿಯ ಹಾನ್ಸ್ ಡ್ಯುಲ್ಫರ್ ಹೆಸರಿನಲ್ಲಿ ಒಂದು ಪದ್ಧತಿ ಉಂಟು: ಹಗ್ಗ ಎರಡು ಕಾಲಿನ ಮಧ್ಯದಿಂದ ಬಂದು, ಒಂದು ತೊಡೆ ಸುತ್ತಿ, ಎದೆ ದಾಟಿ, ಹೆಗಲ ಮೇಲಿನಿಂದ ಹಿಂದೆ ಹೋಗ್ತದೆ. ಗೂಟದ ಬದಲು ಮನುಷ್ಯ. ಚಕ್ರಬಡ್ಡಿ ಚರ್ಮದಿಂದ ವಸೂಲು. ಅಂಗಿ ಸುಟ್ಟು ಹೋಗ್ತಿತ್ತು, ಹೆಗಲು ಕೆಂಪಾಗ್ತಿತ್ತು.

ಹತ್ತುವ ಬದಿಯಲ್ಲಿ 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ ಒಂದು ಗಂಟನ್ನು ಪರಿಚಯಿಸಿದ. ದಪ್ಪ ಹಗ್ಗಕ್ಕೆ ಸಪೂರ ಹಗ್ಗದ ಬಳೆಯನ್ನು ಎರಡು ಮೂರು ಸುತ್ತು ಹಾಕುವುದು. ಭಾರ ಬಿದ್ದರೆ ಗಂಟು ಕಚ್ಚಿಕೊಳ್ತದೆ, ಭಾರ ತೆಗೆದರೆ ಮೇಲೆ ಜಾರಿಸಬಹುದು. ಭಾರ ಬಿದ್ದಾಗ ಹಿಡಿ, ಹೋದಾಗ ಬಿಡು. ಹೇಳಿದ್ದೆ ಅಲ್ವಾ ಬರ್ತದೆ ಅಂತ! ನಮ್ಮ ಹಟ್ಟಿಯ ಮೊಳೆಯಲ್ಲಿ ನೇತಾಡುವುದು ಇದರ ದೊಡ್ಡಮ್ಮನ ಮಗ ಇದ್ದ ಹಾಗೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು, ಅದನ್ನು ಹಾರಿಸಿದರೆ ನಾನು ಸುಳ್ಳು ಹೆಮ್ಮೆ ಹೇಳಿದ ಹಾಗೆ ಆಗ್ತದೆ. ಪ್ರುಸಿಕ್ ಗಂಟು ಸೊಂಟಕ್ಕೆ ಕಟ್ಟಿದ್ದರೆ, ನಿಮಗೆ ತಲೆ ತಿರುಗಿ ಕೈಬಿಟ್ಟರೂ ಅದು ಹಿಡಿದೇ ಇರ್ತದೆ. ತಳೆ ಹಾಗಲ್ಲ. ಅದು ಪಾದಕ್ಕೆ ಮಾತ್ರ ಸಹಾಯ. ಕಟ್ಟಿರುವೆ ಕಣ್ಣಿಗೆ ಬಂತು, ಕಣಜ ಎದ್ದಿತು, ಕೈ ಜಾರಿತು ಅಂದರೆ ತಳೆಗೆ ನಿಮ್ಮ ಪರಿಚಯವೇ ಇಲ್ಲ. ಅದು ಹತ್ತಿಸುವ ಸಾಧನ, ಉಳಿಸುವ ಸಾಧನ ಅಲ್ಲ.

ಆಮೇಲಿನ ಯುರೋಪಿನ ಕಥೆ ಬೇಗ ಬೇಗ ಹೇಳ್ತೇನೆ. ಎರಡನೇ ಮಹಾಯುದ್ಧದ ನಂತರ ನೈಲಾನ್ ಹಗ್ಗ ಬಂತು. ಅದು ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಬಿದ್ದವರ ಬೆನ್ನು ಮುರಿಯುವುದಿಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ಗುಹೆ ಇಳಿಯುವವರ ಬಳಗದಿಂದ ರಾಟೆಯಂಥ ಡಿಸೆಂಡರ್‌ಗಳು ಬಂದವು. 1970ರ ಹೊತ್ತಿಗೆ ಫ್ರಿಟ್ಸ್ ಸ್ಟಿಷ್ಟ್ ಒಂದು ಲೋಹದ ಬಿಲ್ಲೆಗೆ ತೂತು ಕೊರೆದು ಅದರಲ್ಲಿ ಹಗ್ಗ ಮಡಚಿ ಹಾಕುವ ಪ್ಲೇಟ್ ತಂದ. ಮೈಗೆ ಉಜ್ಜುವ ಬದಲು ಲೋಹಕ್ಕೆ ಉಜ್ಜು, ವಿಷಯ ಇಷ್ಟೇ. 1991ರಲ್ಲಿ ಪೆಟ್ಜಲ್ ಕಂಪನಿಯ ಗ್ರಿಗ್ರಿ ಬಂತು. ಕಾರಿನ ಸೀಟ್ ಬೆಲ್ಟ್ ಗೊತ್ತಲ್ಲ, ನಿಧಾನಕ್ಕೆ ಎಳೆದರೆ ಬರ್ತದೆ, ಜರ್ಕ್ ಆದರೆ ಹಿಡಿದುಕೊಳ್ತದೆ. ಹಾಗೆಯೇ ಒಳಗಿನ ಕ್ಯಾಮ್ ತಿರುಗಿ ಹಗ್ಗವನ್ನು ಒತ್ತಿ ಹಿಡಿಯುತ್ತದೆ. ಗ್ರಿಗ್ರಿ ಅಂದರೆ ಆಫ್ರಿಕಾದಲ್ಲಿ ರಕ್ಷೆಗೆ ಕಟ್ಟಿಕೊಳ್ಳುವ ತಾಯಿತ. ತಾಯಿತ ಕಟ್ಟಿಕೊಂಡೆ ಅಂತ ಎರಡೂ ಕೈ ಬಿಡುವ ಹಾಗಿಲ್ಲ, ಹಗ್ಗದ ಕೆಳತುದಿಯಲ್ಲಿ ಕೈ ಯಾವಾಗಲೂ ಇರಬೇಕು ಅಂತ ಕಂಪನಿಯೇ ಹೇಳ್ತದೆ.

ಇದರ ನಡುವೆ ಒಂದನ್ನು ಬೇಕಂತಲೇ ಬಿಟ್ಟಿದ್ದೆ. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಯೂಸಿ ಸರ್ಕಾರಕ್ಕಾಗಿ ಹದ್ದುಗಳ ಅಧ್ಯಯನ ಮಾಡ್ತಿದ್ದ. ಹದ್ದಿನ ಗೂಡು ಇರುವುದು ಕಡಿದಾದ ಬಂಡೆಯಲ್ಲಿ. ದಿನಾ ಹಗ್ಗದಲ್ಲಿ ಹತ್ತಬೇಕು, ಇಳಿಯಬೇಕು, ಗಂಟು ಹಾಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಗೆಳೆಯ ವಾಲ್ಟರ್ ಮಾರ್ಟಿ ಅವನಿಗಾಗಿ ಹಲ್ಲಿರುವ ಕ್ಯಾಮ್‌ನ ಒಂದು ಹಿಡಿಕೆ ಮಾಡಿಕೊಟ್ಟ. ಇಬ್ಬರ ಹೆಸರು ಸೇರಿ ಜುಮಾರ್, 1958ರಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಎವರೆಸ್ಟಿನಲ್ಲಿ ಹಗ್ಗ ಹಿಡಿದು ಹತ್ತುವುದಕ್ಕೆ ಜುಮಾರಿಂಗ್ ಅಂತಲೇ ಹೇಳ್ತಾರೆ. ನನಗೆ ಈ ಕಥೆ ಇಷ್ಟ. ಯೂಸಿ ಹತ್ತಿದ್ದು ಮೋಜಿಗೆ ಅಲ್ಲ, ಅದು ಅವನ ದಿನದ ಕೆಲಸ. ಅಜ್ಜನ ಹಾಗೆ. ಅವನಿಗೆ ಸಾಧನ ಮಾಡಿಕೊಡಲಿಕ್ಕೆ ಒಬ್ಬ ಮಾರ್ಟಿ ಸಿಕ್ಕಿದ.

ನಮ್ಮ ಕಡೆಯ ಮಾರ್ಟಿ ಯಾರು? ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅನ್ನುವ ಕೃಷಿಕರು. ಎರಡು ಕಬ್ಬಿಣದ ಚೌಕಟ್ಟು, ಒಂದೊಂದಕ್ಕೂ ಮರ ಸುತ್ತುವ ತಂತಿ ಹಗ್ಗ. ಒಂದು ಕಾಲಿನ ಭಾರ ಬಿದ್ದಾಗ ಆ ತಂತಿ ಬಿಗಿ, ಇನ್ನೊಂದನ್ನು ಮೇಲೆ ಎತ್ತಬಹುದು. ಮತ್ತೆ ಅದೇ ಹಳೆಯ ಮಂತ್ರ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ 'ತೆಂಗಿನ ಮರದ ಗೆಳೆಯರು' ಅನ್ನುವ ಅರ್ಥದ ತರಬೇತಿ ಯೋಜನೆ ಶುರು ಮಾಡಿ, ಯುವಕ ಯುವತಿಯರಿಗೆ ಇಂಥ ಯಂತ್ರದಲ್ಲಿ ಹತ್ತಲು ಕಲಿಸಿತು. ಕರ್ನಾಟಕಕ್ಕೂ ಅದು ಬಂತು. ಮರ ಹತ್ತುವುದು ಗಂಡಸರ ಕೆಲಸ, ಇಂಥ ಜಾತಿಯವರ ಕೆಲಸ ಅನ್ನುವುದನ್ನು ಭಾಷಣ ಮಾಡದೆ ಅಲುಗಾಡಿಸಿದ್ದು ಈ ಯಂತ್ರ.

ಆದರೆ ಮೊದಲಿನ ಮಾದರಿ ಪಾದವನ್ನು ಹಿಡೀತಿತ್ತು, ಸೊಂಟವನ್ನು ಹಿಡೀತಿರಲಿಲ್ಲ. ಕೈ ಬಿಟ್ಟು ಹಿಂದಕ್ಕೆ ವಾಲಿದರೆ ಕಥೆ ಮುಗಿಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಸಂಸ್ಥೆ ಅದು, ಅಲ್ಲಿಯವರು ಈ ಯಂತ್ರಕ್ಕೆ ಹೆಚ್ಚುವರಿ ಸುರಕ್ಷಾ ಜೋಡಣೆ ಮಾಡಿಕೊಟ್ಟರು. ತಳೆಯಲ್ಲಿ ಇಲ್ಲದ್ದು ಕಡೆಗೂ ಬಂತು ಅಂತ ಅರ್ಥ. ಅಡಿಕೆಯಲ್ಲಿ ಬಂಟ್ವಾಳದ ಸಜಿಪಮೂಡದ ಕೋಮಲೆ ಗಣಪತಿ ಭಟ್ಟರ ಬೈಕ್ ನಿಮಗೆ ಗೊತ್ತೇ ಇರ್ತದೆ. 2019ರಲ್ಲಿ ವಾಟ್ಸಾಪ್ ತುಂಬಾ ಅದೇ ವಿಡಿಯೋ. ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಸೀದಾ ಮರಕ್ಕೆ! ಆನಂದ್ ಮಹೀಂದ್ರಾ ಕೂಡ ಹಂಚಿಕೊಂಡಿದ್ದರು. ಇನ್ನು ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಎಷ್ಟೋ ತೋಟಗಳಲ್ಲಿ ಹತ್ತುವ ಪ್ರಶ್ನೆಯೇ ಇಲ್ಲ. ನೆಲದಲ್ಲಿ ನಿಂತೇ ಕೊಯ್ಲು, ನೆಲದಲ್ಲಿ ನಿಂತೇ ಔಷಧಿ. ಸುರಕ್ಷತೆಯ ಅತ್ಯುತ್ತಮ ಸಾಧನ ಅಂದರೆ ಹತ್ತದೇ ಇರುವುದು, ಇದನ್ನು ಒಪ್ಪಬೇಕು.

ಕಳ್ಳಿಗೆ ದೋಟಿ ಆಗುವುದಿಲ್ಲ ಮಾರಾಯ್ರೆ. ಹೊಂಬಾಳೆಯನ್ನು ಬಡಿಯಬೇಕು, ತುದಿ ಕೆತ್ತಬೇಕು, ಮಡಕೆ ಬದಲಿಸಬೇಕು. ಮನುಷ್ಯನೇ ಮೇಲೆ ಹೋಗಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೆಲವು ಕಡೆ ಮರಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಮೆಟ್ಟಿಲು ಮಾಡ್ತಾರೆ, ಸೊಂಟಕ್ಕೆ ಮಾತ್ರ ಏನೂ ಇಲ್ಲ.

ಈಗ ಅಜ್ಜನ ಪ್ರಶ್ನೆಗೆ ಬರುವ. ಅಜ್ಜನದ್ದು 15 ಮರ. ಎರಡು ಹೊತ್ತು, ಅಂದರೆ ದಿನಕ್ಕೆ 30 ಸಲ ಹತ್ತಿ ಇಳಿಯುವುದು. ಯಂತ್ರ ಕಟ್ಟುವುದು, ಬಿಚ್ಚುವುದು, ಮುಂದಿನ ಮರಕ್ಕೆ ಹೊರುವುದು, ಎಲ್ಲಾ ಸೇರಿ ಒಂದು ಸಲಕ್ಕೆ 4 ನಿಮಿಷ ಹೆಚ್ಚು ಅಂತ ಹಿಡಿಯಿರಿ. 30 ಗುಣಿಸು 4, 120 ನಿಮಿಷ. ದಿನಕ್ಕೆ ಎರಡು ಗಂಟೆ. ಕಳ್ಳಿಗೆ ದುಡ್ಡು ಸಿಗುವುದು ಬಾಟಲಿ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಅಲ್ಲ. ಆ ಎರಡು ಗಂಟೆಯ ಸಂಬಳ ಕೊಡುವವರು ಯಾರು? ಯಾರೂ ಇಲ್ಲ. ಹಾಗಾಗಿ ತಳೆಯೇ ಗೆದ್ದಿತು. ಅಜ್ಜನಿಗೆ ಧೈರ್ಯ ಹೆಚ್ಚಿತ್ತು, ಭಯ ಇರಲಿಲ್ಲ ಅಂತ ನಾವು ಮನೆಯಲ್ಲಿ ಹೇಳಿಕೊಂಡು ಬಂದದ್ದೆಲ್ಲ ಅರ್ಧ ಸತ್ಯ. ಅವರಿಗೆ ಪುರುಸೊತ್ತು ಇರಲಿಲ್ಲ.

ಅದೇ ಲೆಕ್ಕದ ಇನ್ನೊಂದು ಪುಟ ಉಂಟು. ನಾನು ಎರಡನೇ ಕ್ಲಾಸಲ್ಲಿದ್ದಾಗ ಅಜ್ಜ ಬಿದ್ದರು. ತುದಿಯಿಂದ ಅಲ್ಲ, ಇಳಿಯುವಾಗ, ನೆಲ ಇನ್ನೇನು ಹನ್ನೆರಡು ಅಡಿ ಇರುವಾಗ. ಸೊಂಟದ ಮೂಳೆ. ನಾಲ್ಕು ತಿಂಗಳು ಮಲಗಿದಲ್ಲೇ. ಅಜ್ಜಿ ಬೀಡಿ ಕಟ್ಟಿದ ದುಡ್ಡಿನಲ್ಲಿ ಮನೆ ನಡೆಯಿತು. ವಿಮೆ ಅಂತ ಏನೂ ಇರಲಿಲ್ಲ. ಈಗ ತೆಂಗು ಮಂಡಳಿಯ ಕೇರ ಸುರಕ್ಷಾ ವಿಮೆ ಉಂಟು, ಪ್ರೀಮಿಯಂನಲ್ಲಿ ಒಂದು ಪಾಲು ಮಾತ್ರ ಹತ್ತುವವರದ್ದು, ಉಳಿದದ್ದು ಮಂಡಳಿಯದ್ದು. ಮನೆಯಲ್ಲಿ, ವಠಾರದಲ್ಲಿ ಮರ ಹತ್ತುವವರು ಯಾರಾದರೂ ಇದ್ದರೆ ಇದನ್ನು ಕೇಳಿಸಿಬಿಡಿ.

ನಾನು ಬುದ್ಧಿವಂತನ ಹಾಗೆ ಅಜ್ಜನಿಗೆ ಒಂದು ಪ್ಲಾನ್ ಹೇಳಿದೆ. ಕಳ್ಳಿನ ಮರ ತಿಂಗಳುಗಟ್ಟಲೆ ಅದೇ ಮರ ಅಲ್ವಾ. ಪ್ರತಿ ಮರದ ತುದಿಗೂ ಒಂದು ಹಗ್ಗ ಕಟ್ಟಿ ಬಿಟ್ಟರೆ? ಸೊಂಟದ ಬೆಲ್ಟಿನಿಂದ ಒಂದು ಸಾಧನವನ್ನು ಆ ಹಗ್ಗಕ್ಕೆ ಸಿಕ್ಕಿಸುವುದು, ನೀವು ತಳೆಯಲ್ಲೇ ಹತ್ತುವುದು. ಅದು ಸುಮ್ಮನೆ ಜೊತೆಗೆ ಬರ್ತದೆ, ಬಿದ್ದರೆ ಮಾತ್ರ ಹಿಡಿಯುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು.

ಇದು ನನ್ನ ಐಡಿಯಾ ಏನಲ್ಲ. ಎತ್ತರದ ಕಟ್ಟಡಗಳಲ್ಲಿ ಹಗ್ಗದಲ್ಲಿ ನೇತು ಕೆಲಸ ಮಾಡುವವರಿಗೆ 1980ರ ದಶಕದ ಕೊನೆಯಿಂದ ಬ್ರಿಟನ್ನಿನಲ್ಲಿ ಬೆಳೆದ ಪದ್ಧತಿಯೇ ಎರಡು ಹಗ್ಗದ್ದು. ಕೆಲಸಕ್ಕೆ ಒಂದು, ಜೀವಕ್ಕೆ ಒಂದು. ಮಣಿಪಾಲದಲ್ಲಿ ಬಹುಮಹಡಿ ಕಟ್ಟಡಕ್ಕೆ ಪೈಂಟ್ ಹೊಡೆಯುವವರು ಕಂಡರೆ ಒಮ್ಮೆ ನಿಂತು ಹಗ್ಗ ಎಣಿಸಿ. ಸುರಕ್ಷತಾ ಬೆಲ್ಟಿಗೆ ನಮ್ಮಲ್ಲೂ ಐಎಸ್ 3521 ಅಂತ ಭಾರತೀಯ ಮಾನಕ ಉಂಟು, ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಒಂದು ಕಾಯಿದೆಯೂ ಬಂದಿತ್ತು. ನಾನು ಎಣಿಸಿದ ಒಂದು ಕಟ್ಟಡದಲ್ಲಿ ಮೂರು ಜನರಿಗೆ ಮೂರೇ ಹಗ್ಗ ಇತ್ತು.

ಅಜ್ಜ ನನ್ನ ಪ್ಲಾನನ್ನು ಪೂರ್ತಿ ಕೇಳಿದ್ರು. "ಬಿಸಿಲಿಗೆ ನೈಲಾನ್ ಲಡ್ಡಾಗ್ತದೆ ಮಗಾ, ಪ್ರತಿ ವರ್ಷ ಹದಿನೈದು ಹಗ್ಗ ಬದಲಿಸಬೇಕು. ಮರ ನಂದಲ್ಲ, ಹಗ್ಗ ಯಾರು ತೆಗೆದುಕೊಡುವುದು?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಂಪಿನಿಂದ ತಂದಿದ್ದ ಕ್ಯಾರಾಬಿನರ್ ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಂಡು ಬಾಯಿಯನ್ನು ಟಕ್ ಟಕ್ ಅಂತ ತೆರೆದು ಮುಚ್ಚಿ ನೋಡ್ತಾ ಕೂತರು. ತುಂಬಾ ಹೊತ್ತು ಕೂತರು. ಆಮೇಲೆ ಕೇಳಿದ್ರು, "ಇದು ಎಷ್ಟು ಕೆಜಿ ತಡೆಯುತ್ತದೆ?"

ಎರಡು ಸಾವಿರ ಕೆಜಿಗೂ ಮೇಲೆ ಅಂತ ಹೇಳಿದೆ. ಅವರು ಎದ್ದು ಹಟ್ಟಿಗೆ ಹೋಗಿ ಅದನ್ನು ತಳೆಯ ಪಕ್ಕದ ಮೊಳೆಗೆ ಸಿಕ್ಕಿಸಿ ಬಂದರು. ಈಗಲೂ ಅಲ್ಲೇ ಉಂಟು. ಕ್ಯಾಂಪಿನವರು ಎರಡು ಸಲ ಮೆಸೇಜ್ ಹಾಕಿದ್ದಾರೆ, ವಾಪಸ್ ಕೊಡಿ ಅಂತ.

ನಿಮ್ಮ ಊರಲ್ಲಿ ತಳೆಗೆ ಏನು ಹೆಸರು, ಯಾವುದರಿಂದ ಮಾಡ್ತಾರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆ ಬಾವಿ ತೋಡುವವರ ಬಗ್ಗೆ. ಅಲ್ಲಿಯೂ ಹಗ್ಗ ಉಂಟು, ಆದರೆ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಸಿಗುವ.